ಲಾಭ ಎಂದರೆ ಒಂದು

ಖಜೂರಿ ದಾಟಿದರೆ ರೂಪಾಯಿ ಬದಲಾಗುತ್ತಿತ್ತು. ಈ ಕಡೆ ನಮ್ಮ ಮೊಗಲಾಯಿ, ಇಲ್ಲಿ ನಿಜಾಮರ ಹಾಲಿ ರೂಪಾಯಿ. ಆ ಕಡೆ ಇಂಗ್ರೇಜಿ ಹದ್ದು, ಅಂದರೆ ಇಂಗ್ರೇಜರ ಸೀಮೆ, ಅಲ್ಲಿ ಕಲ್ದಾರ. ನಡುವೆ ಒಂದು ನಾಕಾ, ರಸ್ತೆಗೆ ಅಡ್ಡ ಒಂದು ಮರದ ದಿಮ್ಮಿ, ಎರಡು ಬೇವಿನ ಗಿಡ. ನೆಲ ಅದೇ ಕರಿ ನೆಲ, ಜೋಳ ಅದೇ ಬಿಳಿ ಜೋಳ, ಬೈಗುಳ ಕೂಡ ಅವೇ. ಆದರೆ ನೂರು ಕಲ್ದಾರ ಕೊಟ್ಟರೆ ನೂರ ಹದಿನಾರು ಹಾಲಿ ಬರುತ್ತಿದ್ದವು, ಮೇಲೆ ಒಂದಿಷ್ಟು ಚಿಲ್ಲರೆ. ಹೀಗಾಗಿ ದೇಶ ಎಂದರೆ ಏನೆಂದು ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕಿಸೆಯಲ್ಲಿರುವ ರೂಪಾಯಿ ಎಲ್ಲಿ ವಟ್ಟ ಮುರಿಸಿಕೊಂಡು ಬೆಲೆ ಬದಲಿಸುತ್ತದೋ ಅಲ್ಲಿ ಇನ್ನೊಂದು ದೇಶ ಸುರು.

ಈಗ ಪತ್ರಿಕೆಯಲ್ಲಿ ಇಂಥ ದೇಶದಲ್ಲಿ ತಲೆಗೆ ಇಷ್ಟು ಆದಾಯ, ನಮ್ಮಲ್ಲಿ ತಲೆಗೆ ಇಷ್ಟು, ಹತ್ತು ವರ್ಷದ ಹಿಂದೆ ಇಷ್ಟಿತ್ತು ಎಂದು ಓದಿದಾಗ ನನಗೆ ಸಿಟ್ಟು ಬರುತ್ತದೆ. ಅಂಕಿ ಸುಳ್ಳೆಂದಲ್ಲ. ಆ ಅಂಕಿಯನ್ನು ಬರೆದುಕೊಳ್ಳಲು ಯಾವನೋ ಒಬ್ಬ ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಅವನು ಎದ್ದು ಹೋದ ಮೇಲೆ ಆ ಮನೆಯವರಿಗೆ ಏನಾಯಿತೆಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಹಾಗೆ ಕುಳಿತವನು ನಾನು.

ನಾನು ಆಳಂದ ತಾಲೂಕಿನ ಮಟಕಿಯವನು. ಸಣ್ಣವನಿದ್ದಾಗಲೇ ತಾಯಿ ತೀರಿದಳು. ಬೆಳೆಸಿದವಳು ಚಿಗವ್ವ, ತಾಯಿಯ ತಂಗಿ. ಮುಂದೆ ಅವಳ ಗಂಡನೂ ಹೋದ. ಮೂರು ಮಕ್ಕಳು, ಒಬ್ಬ ಮುದಿ ಅತ್ತೆ, ಪಾಲಿಗೆ ಹಾಕಿದ ಸ್ವಲ್ಪ ಹೊಲ, ಇಷ್ಟು ಅವಳ ಸಂಸಾರ. ಅವಳು ಹೊಟ್ಟೆ ಬಟ್ಟೆ ಕಟ್ಟಿ ನನ್ನನ್ನು ಸೊಲ್ಲಾಪುರಕ್ಕೆ ಓದಲು ಕಳಿಸಿದಳು. ಮ್ಯಾಟ್ರಿಕ್ ಪಾಸಾದೆ. ಪಾಸಾದ ಮೇಲೆ ನೌಕರಿ ಕೈಗೆ ಬರುತ್ತದೆ ಎಂದು ನಂಬಿದ್ದವರು ನಾವಿಬ್ಬರೇ. ಕೊನೆಗೆ ಸಿಕ್ಕದ್ದು ಅಲ್ಲಿಯ ಒಬ್ಬ ಮಾಸ್ತರರ ಕೈಕೆಳಗಿನ ಕೆಲಸ. ಅವರಿಗೊಂದು ಹುಚ್ಚು: ಎರಡು ದೇಶಗಳಲ್ಲಿ ತಲೆಗೆ ಎಷ್ಟು ಉತ್ಪನ್ನ ಎಂದು ಹೋಲಿಸಿ ನೋಡಬೇಕು, ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು, ಯಾರು ಮುಂದೆ ಹೋದರು, ಯಾರು ಹಿಂದೆ ಬಿದ್ದರು ಎಂದು ತೋರಿಸಬೇಕು. ಮೊಗಲಾಯಿಯ ಕಡೆ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಒಂದೊಂದು ಹಳ್ಳಿ, ಇಂಗ್ರೇಜಿ ಹದ್ದಿನಲ್ಲಿ ಮೂರು. ಭೀಮೆಯ ದಂಡೆಯ ಹಳ್ಳಿಗಳಿಗೆ ಬೇರೆ ಹುಡುಗರು ಹೋದರು. ಮಟಕಿ ಮತ್ತು ಗಡಿಯಾಚೆಯ ಒಂದು ಹಳ್ಳಿ ನನ್ನ ಪಾಲಿಗೆ ಬಂದವು.

ಮೊದಲನೇ ಸಲ ಕೇಳಿದ್ದು ಎರಡನೇ ಮಹಾಯುದ್ಧ ಸುರುವಾಗುವ ಮುಂಚೆ. ಆಗ ರೂಪಾಯಿ ಕೇಳಿದೆ, ರೂಪಾಯಿ ಬರೆದೆ, ಕೂಡಿಸಿದೆ, ತಲೆಗೆ ಭಾಗಿಸಿದೆ. ಮಟಕಿಯೇ ಮುಂದೆ ಬಂತು. ಎದೆಯುಬ್ಬಿಸಿ ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಇವು ಯಾವ ರೂಪಾಯಿರಿ?"

"ರೂಪಾಯಿ ಅಂದ್ರ ರೂಪಾಯಿರಿ, ಮಾಸ್ತರ್ರ."

"ನಿಮ್ಮ ಊರವರು ಹೇಳಿದ್ದು ಹಾಲಿ. ಈ ಕಡಿಯವರು ಹೇಳಿದ್ದು ಕಲ್ದಾರ. ಎರಡೂ ಒಂದಽ ಅಂತ ಹಿಡದು ಹೆಂಗ ಹೋಲಿಸಿದಿರಿ?"

ಹುಟ್ಟಿದಾಗಿನಿಂದ ಗಡಿಯಲ್ಲಿ ವಟ್ಟ ಮುರಿಸಿದವನಿಗೆ ಕಾಗದದ ಮೇಲೆ ಅದೇ ಮರೆತುಹೋಗಿತ್ತು. ಮತ್ತೆ ಲೆಕ್ಕ ಹಾಕಿದೆ. ಮಟಕಿ ಹಿಂದೆ ಬಿತ್ತು. ನನಗೆ ಅವಮಾನವಾಯಿತು, ಲೆಕ್ಕ ತಪ್ಪಿದ್ದಕ್ಕಲ್ಲ, ಊರು ಹಿಂದೆ ಬಿದ್ದದ್ದಕ್ಕೆ.

ಎರಡನೇ ಸಲ ಕೇಳುವ ಹೊತ್ತಿಗೆ ಯುದ್ಧ ನಡುಮಧ್ಯದಲ್ಲಿತ್ತು. ಎರಡೂ ಕಡೆ ಕೈಯಲ್ಲಿ ರೂಪಾಯಿ ಹೆಚ್ಚಾಗಿದ್ದವು, ರೂಪಾಯಿಗೆ ಬರುವ ಜೋಳ ಮಾತ್ರ ಕಡಿಮೆಯಾಗಿತ್ತು. ಮಾಸ್ತರರು ಹೇಳಿದರು: "ಇನ್ನ ರೂಪಾಯಿ ನಂಬಬ್ಯಾಡ್ರಿ. ಅಂದಿನ ರೂಪಾಯಿ, ಇಂದಿನ ರೂಪಾಯಿ, ಹಾಲಿ, ಕಲ್ದಾರ, ಎಲ್ಲಾ ಜ್ವಾಳಕ್ಕ ತಿರುಗಸೂಣು. ತಲಿಗೆ ಎಷ್ಟು ಸೇರು? ಹೊಟ್ಟಿ ಎರಡೂ ದೇಶದಾಗ ಒಂದಽ ಅದ." ಮಾತು ಚೆನ್ನಾಗಿತ್ತು. ಆದರೆ ಹೊಟ್ಟೆಯ ಲೆಕ್ಕ ಸಿಗಬೇಕಾದರೆ ಹಗೇವಿನ ಲೆಕ್ಕ ಸಿಗಬೇಕು, ಅಂದರೆ ಅಂಗಳದ ನೆಲದಡಿ ಕಾಳು ತುಂಬಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕುಣಿಯಲ್ಲಿ ಏನಿದೆ ಎಂಬುದು. ಅದನ್ನು ಆ ವರ್ಷ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಲೆವಿ ಬಂದಿತ್ತು. ಮನೆಗೆ ಉಣ್ಣಲು ಬಿಟ್ಟು ಮಿಕ್ಕಿದ ಜೋಳವನ್ನೆಲ್ಲ ಸರಕಾರ ಹೇಳಿದ ದರಕ್ಕೆ ಸರಕಾರಕ್ಕೇ ಹಾಕಬೇಕು. ಎಷ್ಟು ಉಣ್ಣಬೇಕು, ಎಷ್ಟು ಮಿಕ್ಕಿತು ಎಂದು ತೀರ್ಮಾನಿಸುವವನು ಕಂದಾಯ ಕಚೇರಿಯ ಗಿರ್ದಾವರ. ಆದ್ದರಿಂದ ಊರಿಗೆ ಊರೇ ಕಚೇರಿಯವರಿಗೆ ಒಂದೇ ಮಾತು ಹೇಳಿತ್ತು: ಹಗೇವು ಖಾಲಿ.

ನಾನು ಊರ ಮಗ ಎಂದು ಬಾಯಿ ಬಿಡಿಸಬಲ್ಲೆ ಎಂಬ ಸೊಕ್ಕು ನನಗಿತ್ತು. ಮೊದಲು ಕುಳಿತದ್ದು ಚಿಗವ್ವನ ಕಟ್ಟೆಯ ಮೇಲೆ. ಅವಳು ಬಿಚ್ಚಿ ಮಾತಾಡಿದರೆ ಉಳಿದವರೂ ಮಾತಾಡುತ್ತಾರೆ.

"ಈ ಬುಕ್ಕು ಯಾ ಕಚೇರಿಗೂ ಹೋಗಂಗಿಲ್ಲ ಬೇ ಚಿಗವ್ವಾ. ನನ್ನ ಮ್ಯಾಲ ನಂಬಿಗಿ ಇಲ್ಲೇನು?"

"ನಿನ್ನ ಮ್ಯಾಲ ಐತಿ. ಬುಕ್ಕಿನ ಮ್ಯಾಲ ಇಲ್ಲ," ಎಂದಳು. ಆದರೂ ಸುತ್ತ ನೋಡಿ, ಸೆರಗು ಬಾಯಿಗೆ ಹಿಡಿದು ಹೇಳಿದಳು: "ಲಾಭ ಪಲ್ಲಾ."

"ಒಂದು ಪಲ್ಲಾ," ಎಂದು ನಾನು ಬರೆಯಹೋದೆ.

ಅವಳು ನನ್ನ ಕೈ ಹಿಡಿದಳು. "ಲೇ! ಕಾಳಿಗೆ ಒಂದು ಅಂತಾರೇನು? ಸಾಲಿ ಕಲ್ತು ಬುದ್ಧಿ ಕಳಕೊಂಡಿ. ಲಾಭ ಅಂತ ಬರಿ."

ನಮ್ಮಲ್ಲಿ ಕಣದ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಒಂದು ಎಂದರೆ ಒಂಟಿಯಾಯಿತು, ಕಾಳಿಗೆ ಒಂಟಿ ಮಾತು ಆಗದು. ಲಾಭ, ಎರಡು, ಮೂರು ಎಂದೇ ಎಣಿಸುತ್ತಾರೆ. ಚಿಗವ್ವ ರೊಟ್ಟಿ ನೀಡುವಾಗಲೂ ಮೊದಲನೆಯದಕ್ಕೆ ಲಾಭ ಎನ್ನುತ್ತಿದ್ದಳು. ಅವಳ ಸಮಾಧಾನಕ್ಕೆ ನಾನು 'ಲಾಭ' ಎಂದೇ ಬರೆದೆ. ಅದನ್ನು ನೋಡಿ ಪಕ್ಕದ ಮನೆಯವರಿಗೂ ಧೈರ್ಯ ಬಂತು. ಕಚೇರಿಯವನಾಗಿದ್ದರೆ ಒಂದು ಎಂದು ಬರೆಯುತ್ತಿದ್ದ, ಇವನು ನಮ್ಮವನೇ ಎಂದರು. ಅಂದಿನಿಂದ ಒಂದೇ ಪಲ್ಲಾ ಇದ್ದವರಿಗೆಲ್ಲ ಲಾಭ ಎಂದೇ ಬರೆಯುತ್ತ ಹೋದೆ. ಎರಡಿದ್ದವರಿಗೆ ೨, ಎಂಟಿದ್ದವರಿಗೆ ೮. ನಾನು ಕೇಳಿದ ಹದಿನೆಂಟು ಮನೆಗಳಲ್ಲಿ ಆರು ಮನೆ ಲಾಭದವು. ಊರಲ್ಲಿ ಅವರೇ ಎಲ್ಲರಿಗಿಂತ ಬಡವರು.

ಬುಕ್ಕನ್ನು ಮಾಸ್ತರರಿಗೆ ಮುಟ್ಟಿಸಲು ಖಜೂರಿಯ ಹಾದಿ ಹಿಡಿದೆ. ನಾಕಾದಲ್ಲಿ ಆಗ ಕಾಳು ಗಡಿ ದಾಟಬಾರದೆಂದು ಎಲ್ಲರನ್ನೂ ತಡವುತ್ತಿದ್ದರು. ನನ್ನ ಚೀಲದಲ್ಲಿ ಚಿಗವ್ವ ಕಟ್ಟಿಕೊಟ್ಟ ಬುತ್ತಿ ಇತ್ತು. ರೊಟ್ಟಿಯನ್ನು ಮುರಿದು ನೋಡಿದರು. ಅದರಡಿ ಬುಕ್ಕು. ಜವಾನನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಸಾಲು ಸಾಲು ಅಂಕಿ ಕಂಡು ಅವನಿಗೆ ಏನೋ ಹೊಳೆಯಿತು. ಬುಕ್ಕು ಒಳಗೆ ಹೋಯಿತು, ರೊಟ್ಟಿ ನನ್ನ ಕೈಗೆ ಬಂತು. ಬೇವಿನ ಗಿಡದ ಕೆಳಗೆ ಕುಳಿತು ಆ ರೊಟ್ಟಿಯನ್ನು ನೋಡುತ್ತ ಎಷ್ಟು ಹೊತ್ತು ಕಳೆದೆನೋ.

ನಾಲ್ಕನೇ ದಿನ ಆಳಂದದ ಕಚೇರಿಯಿಂದ ಕರೆ ಬಂತು. ಗಿರ್ದಾವರ ಜೇವರ್ಗಿಯಿಂದ ಹೊಸದಾಗಿ ಬಂದವರು, ಬಿಗಿ ಮುಖದ ಮನುಷ್ಯ, ಕೆಟ್ಟವರೆಂದು ಹೇಳಲಾರೆ. ಅವರ ಪಕ್ಕದಲ್ಲಿ ಬರಹಗಾರ ನನ್ನ ಬುಕ್ಕು ಹಿಡಿದು ಕುಳಿತಿದ್ದ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಪೇಟೆಯವನು, ಕಣದ ಮುಖ ಕಂಡವನಲ್ಲ. ಮೊದಲ ಸಾಲಿಗೆ ಬೆರಳಿಟ್ಟ. ಮೊದಲ ಸಾಲು ಚಿಗವ್ವನ ಮನೆ.

"ತಲೆ ಐದು. ಹಗೇವು, ಲಾಭ."

"ಲಾಭ್ ಮತ್ಲಬ್?" ಎಂದರು ಗಿರ್ದಾವರ.

"ನಫಾ, ಸಾಹೇಬ."

ನಫಾ ಎಂದರೆ ಅವರ ಉರ್ದುವಿನಲ್ಲಿ ಗಳಿಕೆ, ಮಿಗತೆ. ಗಿರ್ದಾವರರ ಹುಬ್ಬು ಏರಿತು. ಲಾಭ ಎಂದು ಬರೆದ ಸಾಲುಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳಿದರು. ಬರಹಗಾರ ಆರು ಗೆರೆ ಎಳೆದ.

"ಉಂಡು ಮಿಕ್ಕು ನಫಾ ಆದವರು ಇವರು. ಇವರ ಹಗೇವು ಮೊದಲ ಖಾಲಿ ಮಾಡೋಣು," ಎಂದರು ಗಿರ್ದಾವರ, ತಮ್ಮ ಹರುಕು ಮುರುಕು ಕನ್ನಡದಲ್ಲಿ.

ಒಂದು ಪಲ್ಲಾ ಎಂದರೆ ನೂರಿಪ್ಪತ್ತು ಸೇರು. ಐದು ತಲೆಗೆ ಭಾಗಿಸಿದರೆ ಇಪ್ಪತ್ತನಾಲ್ಕು. ದಿನಕ್ಕೆ ಅರ್ಧ ಸೇರು ಉಂಡರೂ ಒಂದೂವರೆ ತಿಂಗಳು. ಹೊಸ ಜೋಳ ಬರಲು ಇನ್ನೂ ಹತ್ತು ತಿಂಗಳಿತ್ತು. ಇದೆಲ್ಲ ನನ್ನ ತಲೆಯಲ್ಲಿ ತಾನಾಗಿ ಓಡಿತು. ಮಾಸ್ತರರು ಕಲಿಸಿದ್ದೇ ಅದು. ಆ ಜೋಳವೂ ಹೋದರೆ ಚಿಗವ್ವ ಮಕ್ಕಳನ್ನು ಕರೆದುಕೊಂಡು ಯಾವ ಬಾಗಿಲಿಗೆ ಹೋಗಬೇಕು?

ನನಗೆ ಎರಡು ದಾರಿ ಇದ್ದವು. ಬುಕ್ಕೆಲ್ಲ ಸುಳ್ಳು, ಹೊಟ್ಟೆಪಾಡಿಗೆ ಮನಸ್ಸಿಗೆ ಬಂದಂತೆ ಗೀಚಿದ್ದೇನೆ ಎನ್ನಬಹುದಿತ್ತು. ಹೊಡೆತ ಬೀಳುತ್ತಿದ್ದವು, ಬೀಳಲಿ. ನಂಬಿದರೆ ಹದಿನೆಂಟೂ ಮನೆ ಉಳಿಯುತ್ತಿದ್ದವು. ನಂಬದಿದ್ದರೆ? ಕೆಂಪು ಗೆರೆ ಬಿದ್ದದ್ದು ಚಿಗವ್ವನ ಮನೆಗೆ. ಆ ಗೆರೆಯನ್ನು ಅಳಿಸುವುದು ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ.

"ಲಾಭ ಅಂದ್ರ ನಫಾ ಅಲ್ರಿ ಸಾಹೇಬ್ರ. ಲಾಭ ಅಂದ್ರ ಒಂದು."

ಬರಹಗಾರ ನಕ್ಕ. ಗಿರ್ದಾವರ ನಗಲಿಲ್ಲ. "ಒಂದು? ಯಾವ ಮದರಸಾದಾಗ ಕಲ್ತಿ ಈ ಗಿನತಿ?"

"ನಮ್ಮ ಕಡಿ ಕಾಳು ಹಿಂಗಽ ಎಣಸ್ತಾರ್ರಿ. ಲಾಭ ಬರದವರ ಮನ್ಯಾಗ ಇರೂದು ಒಂದಽ ಪಲ್ಲಾ. ಅವರಽ ಬಡವರ್ರಿ."

ಅವರು ಬುಕ್ಕಿನ ಹಾಳೆ ತಿರುವುತ್ತ, ತಲೆ ಎತ್ತದೆ, ಸಾವಕಾಶವಾಗಿ ಕೇಳಿದರು: "ಅಂದ್ರ, ಬಾಕಿ ಅಂಕಿ ಎಲ್ಲಾ ಖರೆ?"

ಆಗ ನನಗೆ ಗೊತ್ತಾಯಿತು. ಲಾಭ ಎಂದರೆ ಒಂದು ಎಂಬುದು ಖರೆಯಾಗಬೇಕಾದರೆ ೨ ಎಂದರೆ ಎರಡು, ೮ ಎಂದರೆ ಎಂಟು ಎಂಬುದೂ ಖರೆಯಾಗಬೇಕು. ಖಾಲಿ ಎಂದು ಕಚೇರಿಗೆ ಬರೆಸಿದವರ ಹಗೇವುಗಳನ್ನು ನಾನೇ ನನ್ನ ಬಾಯಿಂದ ತುಂಬಬೇಕು. ಬಟ್ಟೆಯ ಪಂಕಾ ಎಳೆಯುವ ಹಗ್ಗದ ಕಿರ್ ಕಿರ್ ಸಪ್ಪಳ ಕೇಳುತ್ತಿತ್ತು. ಬರಹಗಾರ ಲೇಖನಿ ಹಿಡಿದು ಕಾಯುತ್ತಿದ್ದ.

"ಖರೇರಿ," ಎಂದೆ.

ಮರುದಿನ ಹೊತ್ತೇರುವ ಮುಂಚೆ ಅವರು ಮಟಕಿಗೆ ಬಂದರು. ನನ್ನನ್ನು ನಂಬಿ ಬಂದವರಲ್ಲ, ಸುಳ್ಳನೆಂದು ಹಿಡಿಯಲು ಬಂದವರು. ಚಿಗವ್ವನ ಅಂಗಳದಲ್ಲಿ ಕಲ್ಲು ಸರಿಸಿದರು. ಹಗೇವಿನಿಂದ ಬಿಸಿ ಕಮಟು ಗಾಳಿ ಹೊರಬಂತು. ಒಳಗಿಳಿಯುವವನಿಗೆ ಉಸಿರು ಕಟ್ಟದಿರಲೆಂದು ಬಹಳ ಹೊತ್ತು ಬಾಯಿ ತೆರೆದು ಬಿಟ್ಟರು. ಆ ಹೊತ್ತಿನುದ್ದಕ್ಕೂ ಚಿಗವ್ವ ಗೋಡೆಗೆ ಒರಗಿ ನಿಂತಿದ್ದಳು, ಕಿರಿಯ ಮಗಳು ಅವಳ ಸೀರೆ ಹಿಡಿದಿದ್ದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಊರ ಜನ ಗೋಡೆಯಾಚೆ ನಿಂತಿದ್ದರು.

ಕಾಳು ಅಳೆಯಲು ಊರಲ್ಲಿ ಒಬ್ಬ ಮುದುಕ ಇದ್ದ. ಎಲ್ಲರ ರಾಶಿಯನ್ನೂ ಅವನೇ ಅಳೆಯಬೇಕು. ನಾಲ್ಕು ಸೇರಿನ ಪಾಯಲಿ ತಂದ. ಕೆಳಗಿಳಿದ ಆಳು ಬುಟ್ಟಿ ಬುಟ್ಟಿ ಜೋಳ ಮೇಲೆ ಕೊಟ್ಟ. ಮುದುಕ ಪಾಯಲಿ ತುಂಬಿ, ಅಂಗೈಯಿಂದ ಮೇಲ್ಭಾಗ ಒರೆಸಿ, ಗೋಣಿಯ ಮೇಲೆ ಸುರಿದು ಕೂಗಿದ: "ಲಾಭ!"

ಎರಡನೆಯದು ತುಂಬುತ್ತಿದ್ದಂತೆ ಗಿರ್ದಾವರ ಕೈ ಎತ್ತಿದರು. "ಠೈರೋ. ಏನಂದಿ?"

ಮುದುಕ ತನ್ನಿಂದ ಏನೋ ತಪ್ಪಾಯಿತೆಂದು ಹೆದರಿದ. "ಲಾಭ ಅಂದೇನ್ರಿ, ಸರಕಾರ."

"ಒಂದು ಅನ್ನು."

ಮುದುಕ ಚಿಗವ್ವನ ಕಡೆ ನೋಡಿದ, ಜೋಳದ ಕಡೆ ನೋಡಿದ. "ಕಾಳಿಗೆ ಹಂಗ ಅನಬಾರದ್ರಿ," ಎಂದು ಕೈ ಮುಗಿದ. "ಬೇಕಾದ್ರ ನನಗ ನಾಕು ಹೊಡೀರಿ."

ಗಿರ್ದಾವರ ನನ್ನ ಕಡೆ ತಿರುಗಿ ಒಮ್ಮೆ ನೋಡಿದರು. ಮುಂದುವರಿಸು ಎಂದು ಮುದುಕನಿಗೆ ಸನ್ನೆ ಮಾಡಿದರು. ಅಳತೆ ಇಪ್ಪತ್ತೆಂಟು ಪಾಯಲಿಗೆ ಮುಗಿಯಿತು. ಪಲ್ಲಾಕ್ಕೆ ಮೂವತ್ತು ಬೇಕು. ಒಂದು ಎಂದು ನಾನು ಹಟ ಹಿಡಿದು ಸಾಧಿಸಿದ್ದು ಪೂರಾ ಒಂದೂ ಇರಲಿಲ್ಲ. ಗಿರ್ದಾವರ ಗೋಣಿಯ ಮೇಲಿನ ಗುಪ್ಪೆ ನೋಡಿದರು, ಮಕ್ಕಳನ್ನು ನೋಡಿದರು. "ಇದು ನಫಾ ಅಲ್ಲ, ಫಾಕಾ," ಎಂದರು. ಉಪವಾಸಕ್ಕೆ ಅವರ ಮಾತಿನಲ್ಲಿ ಫಾಕಾ ಎನ್ನುತ್ತಾರೆ. ಕೆಂಪು ಗೆರೆಯ ಆರೂ ಮನೆಗಳನ್ನು ಬಿಟ್ಟುಬಿಡಲು ಹೇಳಿದರು.

ಚಿಗವ್ವ ಅಲ್ಲೇ ಕುಳಿತು ಚೆಲ್ಲಿದ ಕಾಳು ಆಯತೊಡಗಿದಳು. ನನಗೆ ಆದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ, ಕುಣಿಯಬೇಕೆನಿಸಿತು. ಅಷ್ಟರಲ್ಲಿ ಗಿರ್ದಾವರ ಬುಕ್ಕನ್ನು ಬರಹಗಾರನ ಕೈಗಿತ್ತು ಹೇಳಿದರು: "ಬುಕ್ಕು ಖರೆ ಐತಿ. ಎಂಟು ಬರದ ಮನಿ ಯಾವದು?"

ಅಂದು ಸಂಜೆಯೊಳಗೆ ಉಳಿದ ಮನೆಗಳಲ್ಲಿ ದೊಡ್ಡ ಅಂಕಿಯವರ ಏಳು ಹಗೇವು ತೆರೆದವು. ಪ್ರತಿ ಅಂಗಳದಲ್ಲೂ ಆ ಮುದುಕನ "ಲಾಭ" ಎಂಬ ಕೂಗು ಕೇಳಿಸಿತು. ಪ್ರತಿ ಸಲವೂ ಜನ ನನ್ನ ಕಡೆ ನೋಡಿದರು. ಗಾಡಿಗಳು ಆಳಂದದ ಹಾದಿ ಹಿಡಿದವು. ಎಂಟು ಪಲ್ಲಾದವನಿಗೆ ಹನ್ನೆರಡು ತಲೆಗಳಿದ್ದವು, ಅವನೂ ಸಾಹುಕಾರನಲ್ಲ. ಊರಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ. ಹಾದಿಯಲ್ಲಿ ಕಂಡರೆ "ಲಾಭ ಬಂತು ನೋಡ್ರಿ" ಎನ್ನತೊಡಗಿದರು. ಅದಕ್ಕಿಂತ ಹೊಡೆತ ವಾಸಿ. ಮುಂಗಾರಿನಲ್ಲಿ ಕಳೆ ಕೀಳಲು ಚಿಗವ್ವನನ್ನು ಯಾರೂ ಕರೆಯಲಿಲ್ಲ. ಅವಳ ಮನೆ ಉಳಿಸಲು ಊರನ್ನು ಮಾರಿದ ಎಂದು ಅವಳಿಗೆ ಕೇಳುವಂತೆಯೇ ಮಾತಾಡಿದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ.

ಮಳೆಗಾಲ ಮುಗಿದ ಮೇಲೆ ಮಾಸ್ತರರ ಕಾಗದ ಬಂತು. ಅಫಜಲಪುರ, ಜೇವರ್ಗಿಯ ಹಳ್ಳಿಗಳ ಲೆಕ್ಕ ಬಂದಿದೆ, ನಿಮ್ಮದೊಂದೇ ಬಾಕಿ, ಬುಕ್ಕು ಕಚೇರಿಯಲ್ಲಿ ಉಳಿದರೆ ಮತ್ತೊಮ್ಮೆ ಕೇಳಿ ಬರೆಯಿರಿ. ಬುಕ್ಕು ಕಚೇರಿಯವರ ಕೈಸೇರಿತೆಂದಷ್ಟೇ ಅವರಿಗೆ ತಿಳಿಸಿದ್ದೆ, ಊರಲ್ಲಿ ಏನು ನಡೆಯಿತೆಂದು ಬರೆದಿರಲಿಲ್ಲ. ಬೇರೆ ಹೊಟ್ಟೆಪಾಡು ಇಲ್ಲದವನು ಹೊಸ ಬುಕ್ಕು ಹಿಡಿದು ಮತ್ತೆ ಹೊರಟೆ. ಹದಿನೇಳು ಮನೆಯ ಕಟ್ಟೆಯ ಮುಂದೆ ನಿಂತೆ, ಕುಳಿತುಕೊ ಎಂದು ಯಾರೂ ಅನ್ನಲಿಲ್ಲ. ಹದಿನೇಳು ಮನೆಯಲ್ಲೂ ಒಂದೇ ಉತ್ತರ: "ಏನೂ ಇಲ್ಲ. ಬರಕೋ." ಬರೆದುಕೊಂಡೆ.

ಆ ಲೆಕ್ಕ ಆಮೇಲೆ ಅಚ್ಚಾಯಿತು. ನಾಲ್ಕು ಚೌಕಗಳ ಕೋಷ್ಟಕ: ಆ ದೇಶ, ಈ ದೇಶ, ಅಂದು, ಇಂದು. ಇಂಗ್ರೇಜಿ ಹದ್ದಿನಲ್ಲಿ ತಲೆಗೆ ಬರುವ ಜೋಳ ಸ್ವಲ್ಪ ಇಳಿದಿತ್ತು. ನಮ್ಮ ದೇಶದ ಚೌಕದಲ್ಲಿ ಮಟಕಿಯ ಸೊನ್ನೆಗಳು ಉಳಿದ ಎರಡು ಹಳ್ಳಿಗಳನ್ನೂ ಕೆಳಗೆ ಜಗ್ಗಿದ್ದವು. "ಯುದ್ಧ ನಿಮ್ಮ ಕಡಿ ಭಾಳ ಹಾನಿ ಮಾಡೇತ್ರಿ," ಎಂದು ಮಾಸ್ತರರು ಮರುಗಿದರು. ನಮ್ಮ ದೇಶ ಎಷ್ಟು ಬಡವಾಗಿತ್ತು, ಅದರಲ್ಲಿ ಯುದ್ಧದ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಬಿಡಿಸುವ ಗಣಿತ ಅವರು ನನಗೆ ಕಲಿಸಿರಲಿಲ್ಲ.

ಹದಿನೆಂಟನೆಯ ಮನೆ ಚಿಗವ್ವನದು. ಎರಡನೇ ಬುಕ್ಕು ಹಿಡಿದು ಹೊರಟ ಆ ದಿನ ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳು ಬೀಸುಕಲ್ಲಿನ ಮುಂದೆ ಕುಳಿತು, ಪರ ಊರಲ್ಲಿ ಕೂಲಿ ಮಾಡಿ ತಂದ ಜೋಳವನ್ನು ಅಂದಿನ ಹಿಟ್ಟಿಗೆ ತೆಗೆಯುತ್ತಿದ್ದಳು. ಮಡಕೆಯ ತಳಕ್ಕೆ ಸೇರು ತಾಗಿ ಗರಗರ ಎನ್ನುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಬುಕ್ಕು ತೆರೆದೆ.

"ಏನ್ ಬರೀಲಿ ಬೇ, ಚಿಗವ್ವಾ?"

"ಊರು ಏನ್ ಬರಸೇತಿ?"

"ಏನೂ ಇಲ್ಲ ಅಂತ."

"ಹಂಗಽ ಬರಿ. ನಂದೊಂದು ಬ್ಯಾರೆ ಬ್ಯಾಡ." "ಉಂಡು ಹೋಗು," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಸೇರು ತುಂಬಿ, ಅಂಗೈಯಿಂದ ಒರೆಸಿ, ಬೀಸುಕಲ್ಲಿನ ಪಕ್ಕದ ಮೊರಕ್ಕೆ ಸುರಿದಳು. ನಾನು ತಲೆ ತಗ್ಗಿಸಿ ಆ ಮಾತಿಗೆ ಕಾಯ್ದೆ, ಹುಟ್ಟಿದಾಗಿನಿಂದ ಕೇಳಿದ ಮಾತು.

"ಒಂದು," ಎಂದಳು ಚಿಗವ್ವ.